ಹುಟ್ಟು ಹಿಡಿದವರು ಕಂಡ ಪುಣೆಯ ನದಿಗಳು

ಭಾನುವಾರ ಬೆಳಕು ಹರಿಯುವ ಮುನ್ನವೇ ಪುಣೆಯ ಚಾಂದಣಿ ಚೌಕ ದಾಟಿ ಪಿರಂಗುಟ್, ಪೌಡ್ ಕಡೆಗೆ ಹೊರಡುವ ವಾಹನಗಳ ಸಾಲಿನಲ್ಲಿ ಆಗಾಗ ಒಂದೆರಡು ಕಾರುಗಳು ಕಣ್ಣಿಗೆ ಬೀಳುತ್ತವೆ. ಅವುಗಳ ನೆತ್ತಿಯ ಮೇಲೆ ಬಣ್ಣದ ಪುಟ್ಟ ದೋಣಿಗಳನ್ನು ಬಿಗಿದು ಕಟ್ಟಿರುತ್ತಾರೆ. ಒಬ್ಬರು ಕಾಲು ಚಾಚಿ ಕೂರುವಷ್ಟೇ ಜಾಗದ ಈ ದೋಣಿಗೆ ಕಯಾಕ್ ಎಂದು ಹೆಸರು. ತಾಮ್ಹಿಣಿ ಘಾಟಿ ಇಳಿದು ರಾಯಗಡ ಜಿಲ್ಲೆಯ ಕೋಲಾಡ್ ಸೇರುವ ಈ ಮಂದಿಗೆ ಅಲ್ಲಿ ಹರಿಯುವ ಕುಂಡಲಿಕಾ ನದಿಯೇ ಆಟದ ಬಯಲು. ಏಪ್ರಿಲ್‌ನ ಸುಡುಬಿಸಿಲಿನಲ್ಲೂ ಬೆಳಗಿನ ಹೊತ್ತು ಕುಂಡಲಿಕೆ ನೊರೆಯೆಬ್ಬಿಸಿ ಹರಿಯುತ್ತದೆ. ಮಧ್ಯಾಹ್ನವಾಗುತ್ತಲೇ ನೀರು ಇಳಿದು ಬಂಡೆಗಳು ತಲೆ ಎತ್ತುತ್ತವೆ.

ಇದರ ಗುಟ್ಟು ಘಟ್ಟದ ಮೇಲಿದೆ. ತಾಮ್ಹಿಣಿಗೆ ಹೋಗುವ ರಸ್ತೆ ಮುಳಶಿ ಜಲಾಶಯದ ಅಂಚು ಹಿಡಿದು ಸಾಗುತ್ತದೆ. ಮುಳಾ ನದಿಗೆ ಟಾಟಾ ಕಂಪನಿ ಕಟ್ಟಿದ ಅಣೆಕಟ್ಟು ಅದು. ಅಲ್ಲಿನ ನೀರು ಸುರಂಗ ಮತ್ತು ಕೊಳವೆಗಳ ಮೂಲಕ ಸುಮಾರು 500 ಮೀಟರ್ ಕೆಳಗಿನ ಭಿರಾ ವಿದ್ಯುದಾಗಾರಕ್ಕೆ ಧುಮುಕಿ, ಟರ್ಬೈನ್ ತಿರುಗಿಸಿ, ಕುಂಡಲಿಕೆಯ ಪಾತ್ರಕ್ಕೆ ಸೇರುತ್ತದೆ. 1927ರಿಂದ ನಡೆದುಬಂದ ವ್ಯವಸ್ಥೆ ಇದು. ಅಣೆಕಟ್ಟು ಇರದಿದ್ದರೆ ಈ ನೀರು ಪೂರ್ವಕ್ಕೆ ಹರಿದು ಪುಣೆ ಸೇರಿ, ಭೀಮೆಯಾಗಿ ಕಲಬುರಗಿ ಸೀಮೆ ಹಾದು, ಕೃಷ್ಣೆಯೊಡನೆ ಬಂಗಾಳ ಕೊಲ್ಲಿ ಮುಟ್ಟುತ್ತಿತ್ತು. ಈಗ ಪಶ್ಚಿಮಕ್ಕೆ ತಿರುಗಿ ಅರಬ್ಬೀ ಸಮುದ್ರ ಸೇರುತ್ತಿದೆ. ಈ ತಿರುವಿಗೆ ಬೆಲೆ ತೆತ್ತವರು ಮುಳಶಿ ಕಣಿವೆಯ ರೈತರು. 1921ರಲ್ಲಿ ಸೇನಾಪತಿ ಬಾಪಟ್ ಮುಂದಾಳುತನದಲ್ಲಿ ಅವರು ನಡೆಸಿದ ಮುಳಶಿ ಸತ್ಯಾಗ್ರಹ, ಅಣೆಕಟ್ಟಿನ ವಿರುದ್ಧ ಈ ದೇಶದಲ್ಲಿ ನಡೆದ ಮೊದಮೊದಲ ಹೋರಾಟಗಳಲ್ಲಿ ಒಂದು. ಹಾಗಾಗಿ ಕೋಲಾಡ್‌ನಲ್ಲಿ ಪುಣೆಯವರು ಸವಾರಿ ಮಾಡುವುದು ತಮ್ಮೂರಿಗೆ ಬರಬೇಕಿದ್ದ ನೀರಿನ ಮೇಲೆಯೇ.

ನದಿಯ ಮೇಲೆ ಕಯಾಕ್ ನಡೆಸುವ ಹವ್ಯಾಸದ ಹಿರಿಮೆ ಇರುವುದು ಇಲ್ಲಿಯೇ. ಇದು ಬರೀ ಮೈನವಿರೇಳಿಸುವ ಆಟವಲ್ಲ. ನೀರು ಎಲ್ಲಿ ನಿಂತಿದೆ, ಯಾರು ನಿಲ್ಲಿಸಿದ್ದಾರೆ, ಯಾವಾಗ ಬಿಡುತ್ತಾರೆ, ಅದರಲ್ಲಿ ಏನು ಸೇರಿದೆ ಎಂಬುದನ್ನು ತಿಳಿಯದೆ ಇದರಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಸೇತುವೆಯ ಮೇಲಿಂದ ದಿನವೂ ನದಿ ದಾಟುವ ಲಕ್ಷಾಂತರ ಜನರಿಗೆ ಸಿಗದ ತಿಳಿವಳಿಕೆ ಇದು.

ಚರ್ಮದ ದೋಣಿಯಿಂದ ಪ್ಲಾಸ್ಟಿಕ್ ದೋಣಿಗೆ

ಕಯಾಕ್ ಹುಟ್ಟಿದ್ದು ಆರ್ಕ್ಟಿಕ್ ಪ್ರದೇಶದ ಬೇಟೆಗಾರರ ಕೈಯಲ್ಲಿ. ಗ್ರೀನ್‌ಲ್ಯಾಂಡ್, ಕೆನಡಾ, ಅಲಾಸ್ಕಾಗಳ ಇನ್ಯುಟ್ ಮೊದಲಾದ ಜನ ಸಮುದ್ರ ತಂದುಹಾಕಿದ ಮರದ ತುಂಡುಗಳಿಂದ ಚೌಕಟ್ಟು ಕಟ್ಟಿ, ಅದಕ್ಕೆ ಸೀಲ್ ಪ್ರಾಣಿಯ ಚರ್ಮ ಹೊಲಿದು ದೋಣಿ ಮಾಡುತ್ತಿದ್ದರು. ಸದ್ದಿಲ್ಲದೆ ಬೇಟೆಯ ಹತ್ತಿರ ಹೋಗಬೇಕಾದವರಿಗೆ ಇದು ಹೇಳಿ ಮಾಡಿಸಿದಂತಿತ್ತು. ಎರಡೂ ತುದಿಗೆ ಅಲಗು ಇರುವ ಹುಟ್ಟು, ಮುಂದಕ್ಕೆ ಮುಖ ಮಾಡಿ ಕೂರುವ ಭಂಗಿ, ಅಂಗೈಯಷ್ಟು ಆಳದ ನೀರಿನಲ್ಲೂ ತೇಲುವ ಹಗುರತನ ಇಂದಿನ ಕಯಾಕಿಗೂ ಉಳಿದುಬಂದಿವೆ.

20ನೇ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ಬಿಚ್ಚಿ ಮಡಚಿ ರೈಲಿನಲ್ಲಿ ಒಯ್ಯಬಹುದಾದ ಕಯಾಕ್ ಬಂದಮೇಲೆ ಇದು ಊರಿನ ಜನರ ಹವ್ಯಾಸವಾಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಪದಕದ ಸ್ಪರ್ಧೆಯೂ ಆಯಿತು. ಅಂಥದೇ ಮಡಚುವ ಕಯಾಕಿನಲ್ಲಿ ಆಸ್ಕರ್ ಸ್ಪೆಕ್ ಎಂಬ ಜರ್ಮನ್ ಯುವಕ 1932ರಲ್ಲಿ ಉಲ್ಮ್ ಪಟ್ಟಣದಿಂದ ಡ್ಯಾನ್ಯೂಬ್ ನದಿಗೆ ಇಳಿದ. ತನ್ನ ದೇಶದಲ್ಲಿ ಕೆಲಸ ಸಿಗದ ಕಾಲ ಅದು. ಯೂಫ್ರಟಿಸ್ ನದಿ, ಪರ್ಷಿಯನ್ ಕೊಲ್ಲಿ ದಾಟಿ ಬಂದ ಆತ ಭಾರತದ ಪಶ್ಚಿಮ ಕರಾವಳಿಗುಂಟ ಹುಟ್ಟು ಹಾಕುತ್ತಾ ಸಿಲೋನ್ ಕಡೆಗೆ ಸಾಗಿದ. ಕೊಂಕಣ, ಕನ್ನಡ, ತುಳುನಾಡುಗಳ ಕಡಲತೀರವೂ ಆ ದಾರಿಯಲ್ಲಿತ್ತು. 1939ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ನೆಲ ಮುಟ್ಟಿದಾಗ ಮಹಾಯುದ್ಧ ಶುರುವಾಗಿತ್ತು. ಶತ್ರು ದೇಶದವನೆಂದು ಆತನನ್ನು ಸೆರೆಯಲ್ಲಿಟ್ಟರು.

ಈಗ ಬಳಕೆಯಲ್ಲಿರುವ ಕಯಾಕ್‌ಗಳು ಬಹುತೇಕ ಗಟ್ಟಿ ಪ್ಲಾಸ್ಟಿಕ್‌ನವು. ಮೇಲೆ ಕೂರುವಂಥದು ಹೊಸಬರಿಗೆ ಸಲೀಸು, ಮಗುಚಿದರೂ ಒಳಗೆ ಸಿಕ್ಕಿಬೀಳುವ ಭಯವಿಲ್ಲ. ಸೊಂಟದವರೆಗೆ ಒಳಗೆ ಇಳಿದು ಕೂರುವಂಥದು ಬಿರುಸಿನ ನೀರಿಗೆ ಬೇಕು. ಗಾಳಿ ತುಂಬುವಂಥದನ್ನು ಮಡಚಿ ಬೆನ್ನಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲೂ ಹೋಗಬಹುದು. ಕೆರೆ, ಹಿನ್ನೀರಿಗೆ 4–5 ಮೀಟರ್ ಉದ್ದದ್ದು ನೆಟ್ಟಗೆ ಓಡುತ್ತದೆ. ಬಂಡೆಗಳ ನಡುವೆ ಗಕ್ಕನೆ ತಿರುಗಲು ಅದರ ಅರ್ಧದಷ್ಟು ಉದ್ದದ್ದೇ ಆಗಬೇಕು.

ಸಂಗಮದ ದೋಣಿಮನೆಗಳು

ಪುಣೆಗೆ ಹುಟ್ಟಿನ ನಂಟು ಹೊಸದಲ್ಲ. ಮುಳಾ ಮತ್ತು ಮುಠಾ ಕೂಡುವ ಸಂಗಮದಿಂದ ಬಂಡ್ ಗಾರ್ಡನ್‌ವರೆಗಿನ ನದಿ ಬೇಸಿಗೆಯಲ್ಲೂ ಕೆರೆಯಂತೆ ತುಂಬಿರುತ್ತದೆ. ಸರ್ ಜಮ್‌ಶೇಟ್‌ಜಿ ಜೀಜೀಭಾಯ್ ನೆರವಿನಿಂದ 19ನೇ ಶತಮಾನದ ನಡುವಿನಲ್ಲಿ ಕಟ್ಟಿದ ಒಡ್ಡು ಆ ನೀರನ್ನು ಹಿಡಿದಿಟ್ಟಿದೆ. ಅದರ ಆಸರೆಯಲ್ಲೇ 1868ರಲ್ಲಿ ರಾಯಲ್ ಕನ್ನಾಟ್ ಬೋಟ್ ಕ್ಲಬ್ ಹುಟ್ಟಿತು. ಸಂಗಮದ ಪಕ್ಕದಲ್ಲೇ ಇರುವ, ಈಗ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ಸಿಒಇಪಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಬೋಟ್ ಕ್ಲಬ್ 1928ರಿಂದ ರೆಗಾಟಾ ಎಂಬ ಜಲೋತ್ಸವ ನಡೆಸುತ್ತಾ ಬಂದಿದೆ. ದಡದಲ್ಲಿ ಸಾವಿರಾರು ಜನ ಕೂತು ನೋಡುವ ಆ ಸಂಜೆ, ಹತ್ತಾರು ಕಯಾಕ್‌ಗಳು ಸಂಗೀತಕ್ಕೆ ತಕ್ಕಂತೆ ಸಾಲು ಕಟ್ಟಿ, ಸುತ್ತಿ, ಬಿಚ್ಚಿಕೊಳ್ಳುತ್ತವೆ. ಕತ್ತಲಾದ ಮೇಲೆ ಪಂಜು ಹಿಡಿದವರ ಆಟವೂ ಇರುತ್ತದೆ. ತಾಲೀಮು, ದೋಣಿ ದುರಸ್ತಿ, ಏರ್ಪಾಟು ಎಲ್ಲವೂ ವಿದ್ಯಾರ್ಥಿಗಳದೇ.

ಕನ್ನಡಿಗರಿಗೆ ಈ ಕಾಲೇಜು ಪರಕೀಯವಲ್ಲ. ಪುಣೆಯ ವಿಜ್ಞಾನ ಕಾಲೇಜು ಎಂದು ಕರೆಯುತ್ತಿದ್ದ ದಿನಗಳಲ್ಲಿ, 1880ರ ದಶಕದ ಆರಂಭದಲ್ಲಿ, ಇಲ್ಲಿ ಎಂಜಿನಿಯರಿಂಗ್ ಓದಿ ಹೊರಬಂದವರು ಎಂ. ವಿಶ್ವೇಶ್ವರಯ್ಯ. ಮುಂದೆ ಮುಂಬೈ ಪ್ರಾಂತ್ಯದ ಸೇವೆಯಲ್ಲಿದ್ದಾಗ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಮೊದಲ ಬಾರಿಗೆ ಅಳವಡಿಸಿದ್ದು ಇದೇ ಮುಠಾ ನದಿಯ ಖಡಕ್‌ವಾಸ್ಲಾ ಅಣೆಕಟ್ಟಿಗೆ. ಪ್ರವಾಹ ಬಂದಾಗ ನೀರಿನ ಮಟ್ಟಕ್ಕೆ ತಕ್ಕಂತೆ ತಾವಾಗಿಯೇ ತೆರೆದುಕೊಳ್ಳುವ, ಇಳಿದಾಗ ಮುಚ್ಚಿಕೊಳ್ಳುವ ಗೇಟುಗಳವು. ಗೋಡೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಲು ಅವುಗಳಿಂದ ಸಾಧ್ಯವಾಯಿತು. ಪುಣೆಯ ಕುಡಿಯುವ ನೀರಿಗೆ ಇಂದಿಗೂ ಖಡಕ್‌ವಾಸ್ಲಾವೇ ಆಧಾರ.

ನಗರದ ಇನ್ನೊಂದು ಮಗ್ಗುಲಿಗೆ, ದಾಪೋಡಿಯ ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್ ಆವರಣದಲ್ಲಿ, ಸೇನೆಯ ರೋಯಿಂಗ್ ತರಬೇತಿ ಕೇಂದ್ರವಿದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ದತ್ತು ಭೋಕನಳ್, ಟೋಕಿಯೊಗೆ ಹೋದ ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್ ಪಳಗಿದ್ದು ಇಲ್ಲಿ. ರೋಯಿಂಗ್‌ನಲ್ಲಿ ಹೋಗುವ ದಿಕ್ಕಿಗೆ ಬೆನ್ನು, ಕಯಾಕಿನಲ್ಲಿ ಮುಖ. ನದಿ ನೋಡಬೇಕೆನ್ನುವವರು ಕಯಾಕನ್ನೇ ಆರಿಸಿಕೊಳ್ಳಲು ಇದೂ ಒಂದು ಕಾರಣ.

ನೀರನ್ನು ಓದುವ ವಿದ್ಯೆ

ಹರಿಯುವ ನೀರಿಗೆ ಬರವಣಿಗೆಯಿದೆ, ಅದನ್ನು ಓದಲು ಬರಬೇಕು. ಕುಂಡಲಿಕೆಯಲ್ಲಿ ತರಬೇತಿಗೆ ಇಳಿದವರಿಗೆ ಮೊದಲು ತೋರಿಸುವುದು ನೀರಿನ ಮೇಲ್ಮೈಯಲ್ಲಿ ಮೂಡುವ ಬಾಣದ ಗುರುತುಗಳನ್ನು. ಬಾಣದ ಮೊನೆ ಕೆಳಹರಿವಿನ ಕಡೆಗಿದ್ದರೆ ಎರಡು ಬಂಡೆಗಳ ನಡುವೆ ಆಳವಾದ ದಾರಿಯಿದೆ ಎಂದರ್ಥ, ದೋಣಿಯನ್ನು ಅಲ್ಲಿಗೇ ನುಗ್ಗಿಸಬೇಕು. ಮೊನೆ ಮೇಲ್ಹರಿವಿನ ಕಡೆಗಿದ್ದರೆ ಅದರ ತುದಿಯಲ್ಲಿ ಮುಳುಗಿದ ಬಂಡೆಯಿದೆ, ದೂರ ಸರಿಯಬೇಕು.

ದೊಡ್ಡ ಬಂಡೆಯ ಹಿಂಬದಿಯಲ್ಲಿ ನೀರು ತಿರುಗಿ ಮೇಲ್ಮುಖವಾಗಿ ನಿಧಾನಕ್ಕೆ ಹರಿಯುತ್ತಿರುತ್ತದೆ. ಸೆಳವಿನ ಮಧ್ಯೆ ಉಸಿರು ತೆಗೆದುಕೊಳ್ಳಲು, ಮುಂದಿನ ದಾರಿ ನೋಡಿಕೊಳ್ಳಲು ಇದೇ ತಂಗುದಾಣ. ಆದರೆ ಅದರ ಒಳಗೆ ಹೋಗುವ ಗಳಿಗೆ ಸೂಕ್ಷ್ಮವಾದದ್ದು. ದೋಣಿಯ ಮೂತಿ ಆ ನಿಧಾನದ ನೀರಿಗೆ ತಾಗುತ್ತಿದ್ದಂತೆ ಹಿಂಭಾಗವನ್ನು ಸೆಳವು ಎಳೆಯುತ್ತದೆ. ಸೈಕಲ್ ತಿರುವಿನಲ್ಲಿ ಒಳಕ್ಕೆ ವಾಲುವ ಹಾಗೆ ಆಗ ತಿರುಗುವ ಬದಿಗೆ ವಾಲಲೇಬೇಕು. ಮೈ ಹೆದರಿ ಹೊರಬದಿಗೆ ಬಾಗಿತೋ, ನೀರು ದೋಣಿಯ ಅಂಚನ್ನು ಅದುಮಿ ಕ್ಷಣಾರ್ಧದಲ್ಲಿ ಮಗುಚುತ್ತದೆ.

ಮಗುಚಿದಾಗ ಏನು ಮಾಡಬೇಕೆಂಬುದು ಹುಟ್ಟು ಹಾಕುವುದಕ್ಕಿಂತ ಮೊದಲು ಕಲಿಯಬೇಕಾದ ಪಾಠ. ತಲೆ ನೀರಿನೊಳಗೆ, ಕಾಲು ದೋಣಿಯೊಳಗೆ ಇರುವ ಸ್ಥಿತಿ ಅದು. ಮುಂದಕ್ಕೆ ಬಾಗಿ, ಸೊಂಟದ ಸುತ್ತ ನೀರು ಒಳನುಗ್ಗದಂತೆ ಬಿಗಿದಿರುವ ಹೊದಿಕೆಯ ಕುಣಿಕೆ ಹುಡುಕಿ ಎಳೆದು, ಅಂಚಿಗೆ ಎರಡೂ ಕೈ ಒತ್ತಿ ಜಾರಿ ಹೊರಬರಬೇಕು. ಇದು ಕೈವಶವಾದ ಮೇಲೆ ರೋಲ್ ಕಲಿಸುತ್ತಾರೆ. ನೀರಿನಡಿಯಿಂದಲೇ ಹುಟ್ಟನ್ನು ಮೇಲ್ಮೈಗೆ ತಂದು ಅರ್ಧ ಸುತ್ತು ಬೀಸುತ್ತಾ, ಸೊಂಟ ಝಾಡಿಸಿ ದೋಣಿಯನ್ನು ನೆಟ್ಟಗೆ ಮಾಡುವ ಪಟ್ಟು ಇದು. ಮೊದಲು ದೋಣಿ, ನಂತರ ಮೈ, ಕೊನೆಗೆ ತಲೆ ನೀರಿನಿಂದ ಏಳಬೇಕು. ಉಸಿರಿನ ಆಸೆಗೆ ಯಾರೇ ಆಗಲಿ ತಲೆಯನ್ನೇ ಮೊದಲು ಎತ್ತಲು ಹೋಗುತ್ತಾರೆ, ಅಲ್ಲಿಗೆ ದೋಣಿ ಮತ್ತೆ ಬೋರಲಾಗುತ್ತದೆ. ಈಜುಕೊಳದಲ್ಲಿ ಗಂಟೆಗಟ್ಟಲೆ ತಾಲೀಮು ಮಾಡಿದ ಮೇಲಷ್ಟೇ ಆ ಆಸೆ ಹಿಡಿತಕ್ಕೆ ಬರುವುದು.

ಅಣೆಕಟ್ಟುಗಳ ಊರು

ಹೊಸಬರು ಶುರುಮಾಡಬೇಕಾದದ್ದು ನಿಂತ ನೀರಿನಲ್ಲಿ. ಪುಣೆಯ ಪಶ್ಚಿಮಕ್ಕೆ ಸಹ್ಯಾದ್ರಿಯ ಮಡಿಲಲ್ಲಿ ಅದಕ್ಕೆ ಬರವಿಲ್ಲ. ಅಂಬಿ ನದಿಯ ಪಾನ್‌ಶೇತ್, ಮೋಸೆ ನದಿಯ ವರಸ್‌ಗಾಂವ್, ಪವನಾ ನದಿಯ ಪವನಾ ಜಲಾಶಯ ಎಲ್ಲವೂ ಒಂದು ದಿನದಲ್ಲಿ ಹೋಗಿಬರುವ ದೂರದಲ್ಲಿವೆ. ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ನೀರು ತಿಳಿಯಾಗಿ, ಗಾಳಿ ಶಾಂತವಾಗಿರುತ್ತದೆ. ಪಾನ್‌ಶೇತ್‌ನಲ್ಲಿ ಜಲಕ್ರೀಡೆಯ ಏರ್ಪಾಟೂ ಇದೆ. ಖಡಕ್‌ವಾಸ್ಲಾ ಮಾತ್ರ ಕುಡಿಯುವ ನೀರಿನ ಆಸರೆ. ಅದರ ದಡದಲ್ಲೇ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ, ಕೆಡೆಟ್‌ಗಳಿಗೆ ದೋಣಿ ನಡೆಸಲು ಕಲಿಸುವುದೂ ಅದೇ ನೀರಿನಲ್ಲಿ. ಯಾರು ಬೇಕಾದರೂ ಎಲ್ಲಿ ಬೇಕಾದರೂ ದೋಣಿ ಇಳಿಸುವ ಜಾಗ ಅದಲ್ಲ.

ಈ ಶಾಂತ ಜಲರಾಶಿಗಳು ಪುಣೆಯವರ ನೆನಪಿನಲ್ಲಿ ಬೇರೆಯೇ ರೂಪದಲ್ಲೂ ಉಳಿದಿವೆ. 1961ರ ಜುಲೈ 12ರಂದು, ಇನ್ನೂ ಕೆಲಸ ಪೂರ್ತಿಯಾಗದಿದ್ದ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕ್‌ವಾಸ್ಲಾವೂ ಒಡೆದು, ನಾರಾಯಣ ಪೇಟೆ, ಶನಿವಾರ ಪೇಟೆಯಂಥ ಹಳೆಯ ಬಡಾವಣೆಗಳು ಮುಳುಗಿದವು. 2024ರ ಜುಲೈ 25ರಂದು ಭಾರಿ ಮಳೆಯ ನಡುವೆ ಖಡಕ್‌ವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿತ್ತು. ಮಳೆಗಾಲದಲ್ಲಿ ಮುಠಾ ಹರಿಯುವುದು ಮೇಲಿನ ಗೇಟುಗಳ ಲೆಕ್ಕದಲ್ಲಿ. ಕಯಾಕ್ ಹಿಡಿದವರು ಆಕಾಶ ನೋಡಿದರೆ ಸಾಲದು, ಅಣೆಕಟ್ಟಿನಿಂದ ಬಿಟ್ಟ ನೀರಿನ ಪ್ರಮಾಣವನ್ನೂ ನೋಡಬೇಕು.

ಇನ್ನೊಂದು ಅಪಾಯ ಮೇಲುನೋಟಕ್ಕೆ ಸೌಮ್ಯವಾಗಿ ಕಾಣುತ್ತದೆ. ಅದು ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗು ಒಡ್ಡು, ಅಂದರೆ ಬಾಂದಾರ. ನೀರು ಅದರ ಮೇಲಿಂದ ಹಾಳೆಯಂತೆ ಇಳಿದು, ಬುಡದಲ್ಲಿ ಮೇಲೆದ್ದು, ಮತ್ತೆ ಒಡ್ಡಿನ ಕಡೆಗೇ ಹಿಂದಿರುಗುತ್ತದೆ. ಆ ಸುತ್ತಿಗೆ ಸಿಕ್ಕ ಮರದ ದಿಮ್ಮಿ ದಿನಗಟ್ಟಲೆ ಅಲ್ಲೇ ಉರುಳುತ್ತಿರುತ್ತದೆ. ಮನುಷ್ಯ ಸಿಕ್ಕರೆ ಜೀವರಕ್ಷಕ ಜಾಕೆಟ್ ಇದ್ದರೂ ಹೊರಬರುವುದು ಕಷ್ಟ. ಮೇಲಿನಿಂದ ಬರುವವರ ಕಣ್ಣಿಗೆ ಒಡ್ಡು ಬರೀ ಒಂದು ನೇರ ಗೆರೆಯಾಗಿ ಕಾಣುವುದರಿಂದ ಮೋಸ ಹೋಗುವವರೇ ಹೆಚ್ಚು. ಅನುಭವಿಗಳು ಒಡ್ಡಿಗೆ ಸಾಕಷ್ಟು ಮೊದಲೇ ದಡ ಸೇರಿ, ದೋಣಿ ಹೊತ್ತು ನಡೆದು, ಕೆಳಗೆ ಮತ್ತೆ ನೀರಿಗಿಳಿಯುತ್ತಾರೆ.

ಮಹಶೀರ್ ಇದ್ದ ನೀರು

ಇಷ್ಟೆಲ್ಲ ಇದ್ದೂ ನಗರದೊಳಗಿನ ಮುಳಾ-ಮುಠಾದಲ್ಲಿ ಹವ್ಯಾಸಿಗಳು ಮನಸ್ಸು ಬಿಚ್ಚಿ ದೋಣಿ ಇಳಿಸಲಾರರು. ಕಯಾಕಿನಲ್ಲಿ ಕೂತವರ ಕಣ್ಣು ನೀರಿನಿಂದ ಒಂದೆರಡು ಮೊಳ ಮೇಲಿರುತ್ತದೆ, ಮೂಗೂ ಅಷ್ಟೇ. ಒಳಚರಂಡಿ ನೀರು ಸೇರುವ ನಾಲೆಗಳ ಬಾಯಿ, ಪ್ಲಾಸ್ಟಿಕ್ ಚೀಲಗಳ ಸಾಲು, ಮರಾಠಿಯಲ್ಲಿ ಜಲಪರ್ಣಿ ಎನ್ನುವ ಅಂತರಗಂಗೆಯ ಹಸಿರು ಹಾಸು ಎಲ್ಲವನ್ನೂ ಹತ್ತಿರದಿಂದಲೇ ಎದುರಿಸಬೇಕು. ಇಂಥ ನೀರಿನಲ್ಲಿ ರೋಲ್ ಅಭ್ಯಾಸ ಮಾಡಿದರೆ ಹೊಟ್ಟೆಬೇನೆ, ಚರ್ಮರೋಗ, ಇಲಿಜ್ವರದ ಭಯ.

ಒಂದು ಕಾಲಕ್ಕೆ ಈ ನದಿ ಹೀಗಿರಲಿಲ್ಲ ಎನ್ನಲು ಗಟ್ಟಿ ಸಾಕ್ಷಿಯಿದೆ. ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಡಬ್ಲ್ಯು. ಎಚ್. ಸೈಕ್ಸ್ ದಖ್ಖನ್ನಿನ ಮೀನುಗಳನ್ನು ಅಧ್ಯಯನ ಮಾಡಿ, 1839ರಲ್ಲಿ ದಖ್ಖನಿ ಮಹಶೀರ್ ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದ. ಅದಕ್ಕೆ ಆಧಾರವಾದ ಮೀನು ಸಿಕ್ಕಿದ್ದು ಪುಣೆಯ ಪೂರ್ವಕ್ಕೆ ಹರಿಯುವ ಮುಳಾ-ಮುಠಾದಲ್ಲಿ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಭಕ್ತರು ಅಕ್ಕಿ, ಮಂಡಕ್ಕಿ ಹಾಕುವ ದೇವರ ಮೀನುಗಳೂ ಮಹಶೀರ್ ಕುಲದವೇ. ಆಮ್ಲಜನಕ ತುಂಬಿದ ತಿಳಿನೀರು ಬೇಡುವ ಮೀನು ಅದು. ಅಂಥ ಮೀನಿಗೆ ತವರಾಗಿದ್ದ ನದಿ ಇಂದು ದೇಶದ ಮಲಿನ ನದಿಗಳ ಪಟ್ಟಿಯಲ್ಲಿದೆ.

ಪರಿಹಾರದ ಯತ್ನಗಳು ನಡೆದಿವೆ. ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನಿಂದ 11 ಒಳಚರಂಡಿ ಸಂಸ್ಕರಣಾ ಘಟಕ ಕಟ್ಟುವ ಸುಮಾರು 990 ಕೋಟಿ ರೂಪಾಯಿಯ ಯೋಜನೆಗೆ 2016ರಲ್ಲಿ ಒಪ್ಪಂದವಾಯಿತು. ನಗರದ ನದಿಗಳ 44 ಕಿ.ಮೀ. ಉದ್ದಕ್ಕೂ ದಡ ಅಭಿವೃದ್ಧಿಪಡಿಸುವ ಯೋಜನೆಗೆ 2022ರ ಮಾರ್ಚ್ 6ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಈ ಎರಡನೆಯ ಯೋಜನೆಗೆ ನದಿಪ್ರೇಮಿಗಳ ಪ್ರಬಲ ವಿರೋಧವಿದೆ. ದಡಕ್ಕೆ ಗೋಡೆಯಂತೆ ಒಡ್ಡು ಕಟ್ಟಿದರೆ ಪ್ರವಾಹಕ್ಕೆ ಜಾಗ ಸಾಲದು, ಹಕ್ಕಿಗಳ ನೆಲೆಯಾದ ದಡದ ಮರಗಳು ಹೋಗುತ್ತವೆ ಎಂಬುದು ಅವರ ವಾದ. 2023ರಲ್ಲಿ ಮರ ಕಡಿಯುವುದರ ವಿರುದ್ಧ ಪುಣೆಯ ಜನ ಬೀದಿಗಿಳಿದು ಮರಗಳನ್ನು ಅಪ್ಪಿ ನಿಂತರು. ಹುಟ್ಟು ಹಿಡಿದವರ ಅನುಭವವೂ ಅದೇ ಕಡೆ ಕೈ ತೋರುತ್ತದೆ. ಅವರಿಗೆ ಬೇಕಾದದ್ದು ಕಲ್ಲು ಹಾಸಿದ ದಡಕ್ಕಿಂತ ಮೊದಲು ಮುಟ್ಟಬಹುದಾದ ನೀರು.

ಕೆಳಹರಿವಿನ ಕನ್ನಡನಾಡು

ಪುಣೆ ಬಿಟ್ಟ ಮುಳಾ-ಮುಠಾ ಪೂರ್ವಕ್ಕೆ ಹರಿದು ಭೀಮೆಯನ್ನು ಕೂಡುತ್ತದೆ. ಮುಂದೆ ಉಜನಿ ಜಲಾಶಯ. ಅದರ ಭಿಗವಣ್ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುತ್ತವೆ. ಅಲ್ಲಿಂದ ಪಂಢರಪುರ ಬಳಸಿ ಭೀಮೆ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತಾಳೆ. ಗಾಣಗಾಪುರದ ಸಂಗಮದಲ್ಲಿ ಭಕ್ತರು ಮುಳುಗು ಹಾಕುವ ನೀರಿಗೆ, ಸನ್ನತಿಯ ಬೌದ್ಧ ಅವಶೇಷಗಳ ಪಕ್ಕದಲ್ಲಿ ಹರಿಯುವ ನೀರಿಗೆ ಪುಣೆಯ ನಾಲೆಗಳ ನಂಟಿದೆ. ಈ ಹೊಲಸು ಮರಾಠಿಗರ ಊರಿನ ಸಂಗತಿಯಷ್ಟೇ ಅಲ್ಲ.

ಕರ್ನಾಟಕದಲ್ಲೂ ಕಯಾಕ್ ಹವ್ಯಾಸಕ್ಕೆ ಒಳ್ಳೆಯ ನೆಲೆಗಳಿವೆ. ದಾಂಡೇಲಿ ಬಳಿಯ ಗಣೇಶಗುಡಿಯಲ್ಲಿ ಕಾಳಿ ನದಿ ಕುಂಡಲಿಕೆಯಂತೆಯೇ ವಿದ್ಯುದಾಗಾರದ ಲೆಕ್ಕಕ್ಕೆ ಹರಿಯುತ್ತದೆ. ಮೇಲಿನ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಆಟ, ಇಲ್ಲವಾದರೆ ಕಾಯಬೇಕು. ದಕ್ಷಿಣ ಕೊಡಗಿನ ಬರಪೊಳೆಗೆ ಮಳೆಯೇ ದಿಕ್ಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅಲ್ಲಿ ದೋಣಿ ಓಡುತ್ತದೆ. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಕಾಂಡ್ಲಾ ಕಾಡಿನ ನಡುವೆ ಹೋಗಬೇಕಾದರೆ ಕಡಲಿನ ಉಬ್ಬರ ಇಳಿತದ ಹೊತ್ತು ಗೊತ್ತಿರಬೇಕು. ಎಲ್ಲೇ ಆದರೂ ಆಯಾ ಊರಿನ ಮೀನುಗಾರರಿಗಿಂತ ದೊಡ್ಡ ಗುರುಗಳಿಲ್ಲ. ಯಾವ ಮಡುವಿನಲ್ಲಿ ಸುಳಿಯಿದೆ, ಎಲ್ಲಿ ಬಲೆ ಹಾಕಿದೆ, ಎಲ್ಲಿ ಹಳೆಯ ಸೇತುವೆಯ ಕಂಬಿ ನೀರಿನಡಿ ಚಾಚಿದೆ ಎಂಬುದು ಅವರಿಗೆ ಬಾಯಿಪಾಠ.

ಪುಣೆಯಲ್ಲಿರುವ ಕನ್ನಡಿಗರಾಗಲಿ ಉಳಿದವರಾಗಲಿ ಈ ಹವ್ಯಾಸಕ್ಕೆ ಇಳಿಯುವುದಿದ್ದರೆ ಕ್ರಮವಾಗಿ ಇಳಿಯಬೇಕು. ಮೊದಲು ಈಜು, ಆಮೇಲೆ ಈಜುಕೊಳದಲ್ಲಿ ಮಗುಚಿದ ದೋಣಿಯಿಂದ ಹೊರಬರುವ ತಾಲೀಮು, ಆಮೇಲೆ ಚಳಿಗಾಲದ ಜಲಾಶಯ, ಕೊನೆಗೆ ತರಬೇತುದಾರರ ಜೊತೆ ಹರಿವ ನದಿ. ಜೀವರಕ್ಷಕ ಜಾಕೆಟ್ಟನ್ನು ಮೈಗೆ ಬಿಗಿದು ಕಟ್ಟಬೇಕು, ದೋಣಿಯಲ್ಲಿ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಬಂಡೆಯ ನದಿಗೆ ಹೆಲ್ಮೆಟ್ ಬೇಕೇ ಬೇಕು. ಒಬ್ಬರೇ ಹೋಗಬಾರದು, ಎಲ್ಲಿ ಇಳಿದು ಎಲ್ಲಿ ಏಳುತ್ತೇವೆಂದು ಮನೆಯಲ್ಲಿ ಹೇಳಿಹೋಗಬೇಕು. ದಾರಿಯಲ್ಲಿ ಕಂಡ ಹೊಲಸು ನಾಲೆಯ ಚಿತ್ರ ತೆಗೆದು, ಜಾಗ ಗುರುತಿಸಿ, ಮಹಾನಗರ ಪಾಲಿಕೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತ ದೂರು ಕೊಡಬೇಕು. ದಡದಲ್ಲಿ ನಿಂತವರಿಗೆ ಕಾಣದ ನಾಲೆಗಳು ದೋಣಿಯಲ್ಲಿ ಕೂತವರಿಗೆ ಕಾಣುತ್ತವೆ. ಆ ದೂರು ಬರೆಯುವ ಹೊಣೆಯೂ ಅವರದೇ.